ನೀರಿನ ಊರಿಗೆ ಒಂದು ಚರಿತ್ರೆ, ಎಣ್ಣೆಯ ಊರಿಗೆ ಇನ್ನೊಂದು ಯಾಕೆ?

ಕರೆಂಟು ಹೋದಾಗ ಮನೆಯಲ್ಲಿ ಬುಡ್ಡಿ ದೀಪ ಹಚ್ಚುತ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ರೇಷನ್ ಅಂಗಡಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ನಾವು. ಆ ಎಣ್ಣೆಗೆ ನಮ್ಮ ಹಿರಿಯರು ಸೀಮೆಎಣ್ಣೆ ಅಂತ ಹೆಸರಿಟ್ಟರು. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಇದ್ದ ಹಾಗೆ ಇದೂ ಹೊರಗಿನ ಸೀಮೆಯಿಂದ ಬಂದದ್ದು. ಯಾವ ಸೀಮೆ ಅಂತ ನಾವ್ಯಾರೂ ಕೇಳಲಿಲ್ಲ.

ನಮ್ಮ ದೇಶಕ್ಕೆ ಅದು ಹೆಚ್ಚಾಗಿ ಬಂದದ್ದು ಅಮೆರಿಕ, ರಷ್ಯಾದ ಬಾಕು, ಬರ್ಮಾ ಕಡೆಯಿಂದ. ಆದರೆ ಸೀಮೆಎಣ್ಣೆ ದೀಪದ ಕಥೆ ಶುರುವಾದ ಜಾಗಗಳಲ್ಲಿ ಒಂದು ಇವತ್ತಿನ ಉಕ್ರೇನಿನ ಪಶ್ಚಿಮ ಭಾಗದಲ್ಲಿದೆ. ಅಲ್ಲಿ ಲ್ವಿವ್ ಅಂತ ಒಂದು ನಗರ. 1853ರಲ್ಲಿ ಆ ನಗರದ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಇಗ್ನಾಸಿ ಲುಕಾಸಿವಿಚ್ ಮತ್ತು ಯಾನ್ ಝೆ ಎಂಬ ಇಬ್ಬರು ನೆಲದಿಂದ ತೆಗೆದ ಕಪ್ಪು ಎಣ್ಣೆಯನ್ನು ಕಾಯಿಸಿ, ಬಟ್ಟಿ ಇಳಿಸಿ, ಹೊಗೆ ಕಡಿಮೆ ಇರುವ ದೀಪದೆಣ್ಣೆ ಮಾಡಿದರು. ತಗಡಿನ ಕೆಲಸದವನಿಂದ ಅದಕ್ಕೆ ತಕ್ಕ ದೀಪವನ್ನೂ ಮಾಡಿಸಿದರು. ಅದೇ ವರ್ಷ ಜುಲೈ 31ರ ರಾತ್ರಿ ಲ್ವಿವ್ ಆಸ್ಪತ್ರೆಯಲ್ಲಿ ಆ ದೀಪದ ಬೆಳಕಿನಲ್ಲಿ ರೋಗಿಯೊಬ್ಬನಿಗೆ ಆಪರೇಷನ್ ಆಯಿತು.

ಲ್ವಿವ್ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 2022ರ ಮಾರ್ಚಿನಲ್ಲಿ ಟಿವಿಯಲ್ಲಿ ದಿನವೂ ಕೇಳಿದ್ದೀರಿ. ಯುದ್ಧ ಶುರುವಾದಾಗ ನಮ್ಮ ಕಡೆಯ ಎಷ್ಟೋ ಮೆಡಿಕಲ್ ವಿದ್ಯಾರ್ಥಿಗಳು ರೈಲು ಹತ್ತಿ ಲ್ವಿವ್ ತಲುಪಿ, ಅಲ್ಲಿಂದ ಗಡಿ ದಾಟಿ ಮನೆಗೆ ಬಂದರು. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್‌ನಲ್ಲೇ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಆಗಿನಿಂದ ನಾವು ಆ ದೇಶದ ನಕ್ಷೆ ನೋಡುತ್ತಲೇ ಇದ್ದೇವೆ. ಹಾಗೆ ನೋಡುವಾಗ ಕಣ್ಣಿಗೆ ಬಿದ್ದ ಊರು ಟ್ರುಸ್ಕಾವೆಟ್ಸ್. ಅಲ್ಲಿಗೆ ನಾವು ಹೋಗಿಲ್ಲ. ಓದಿ ತಿಳಿದದ್ದನ್ನು ಬರೆಯುತ್ತಿದ್ದೇವೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಟ್ರುಸ್ಕಾವೆಟ್ಸ್ ಲ್ವಿವ್‌ನ ದಕ್ಷಿಣಕ್ಕೆ, ಕಾರ್ಪೇಥಿಯನ್ ಬೆಟ್ಟಸಾಲಿನ ಬುಡದಲ್ಲಿದೆ. ನೀರಿನಿಂದ ಬದುಕುವ ಊರು. ನೆಲದಿಂದ ಉಕ್ಕುವ ಬೇರೆ ಬೇರೆ ಊಟೆಗಳ ನೀರು ಕುಡಿಯಲು, ಅದರಲ್ಲಿ ಸ್ನಾನ ಮಾಡಲು ಜನ ದೂರದೂರದಿಂದ ಬರುತ್ತಾರೆ. ಊಟೆಗಳಿಗೆ ಹೆಣ್ಣುಮಕ್ಕಳ ಹೆಸರು: ಮಾರಿಯಾ, ಸೋಫಿಯಾ, ಯೂಝ್ಯಾ. ಎಲ್ಲಕ್ಕಿಂತ ಹೆಸರುವಾಸಿ ನಾಫ್ಟುಸ್ಯಾ. ನಾಫ್ಟಾ ಅಂದರೆ ಅವರ ಮಾತಿನಲ್ಲಿ ಕಲ್ಲೆಣ್ಣೆ. ಅದನ್ನೇ ಮುದ್ದಾಗಿ ಕರೆದರೆ ನಾಫ್ಟುಸ್ಯಾ. ನಮ್ಮಲ್ಲಿ ಗೌರಿಯನ್ನು ಗೌರಮ್ಮ, ಪುಟ್ಟಿಯನ್ನು ಪುಟ್ಟಮ್ಮ ಅನ್ನುತ್ತೇವಲ್ಲ, ಹಾಗೆ ‘ಎಣ್ಣೆಮ್ಮ’ ಅಂದುಕೊಳ್ಳಿ.

ಹೆಸರು ಸುಮ್ಮನೆ ಬಂದದ್ದಲ್ಲ. ಆ ನೀರಿಗೆ ಸೀಮೆಎಣ್ಣೆಯ ತೆಳುವಾದ ವಾಸನೆ ಇದೆ. ಎಣ್ಣೆಯಿರುವ ನೆಲದ ಸಾವಯವ ಅಂಶ ಅದರಲ್ಲಿ ಕರಗಿರುತ್ತದೆ. ಮೂತ್ರಪಿಂಡ, ಪಿತ್ತಕೋಶ, ಯಕೃತ್ತಿನ ತೊಂದರೆ ಇದ್ದವರು ಅದನ್ನು ಹೊತ್ತುಹೊತ್ತಿಗೆ ಅಳತೆ ಮಾಡಿ ಕುಡಿಯುತ್ತಾರೆ. ಅದಕ್ಕೆ ಬೇರೆಯದೇ ಬಟ್ಟಲು ಇದೆ, ನಮ್ಮಲ್ಲಿ ಕೂಸಿಗೆ ಹಾಲು ಹಾಕುವ ಒಳಲೆಯ ಹಾಗೆ ಕೊಕ್ಕು ಇರುವಂಥದ್ದು. ಕೊಕ್ಕಿಗೆ ಬಾಯಿಟ್ಟು ನಿಧಾನ ಹೀರುತ್ತಾ ಅಡ್ಡಾಡುವುದು ಆ ಊರಿನ ಕ್ರಮ. ಊಟೆಯಿಂದ ತೆಗೆದ ಸ್ವಲ್ಪ ಹೊತ್ತಿನಲ್ಲೇ ನೀರಿನ ಗುಣ ಹೋಗುತ್ತದೆ ಅನ್ನುತ್ತಾರೆ. ಹಾಗಾಗಿ ಊಟೆಯ ಬಳಿಯೇ ಕುಡಿಯಬೇಕು, ಬೇಕಾದವರು ಅಲ್ಲಿಗೇ ಹೋಗಬೇಕು ಅನ್ನುವುದು ಅವರ ಮಾತು. ಊರು ಉಳಿದದ್ದು ಇದರಿಂದಲೇ ಅಂತ ನಮಗನಿಸುತ್ತದೆ. ಬಾಟಲಿಯಲ್ಲೂ ಅದೇ ಗುಣ ಉಳಿಯುವಂತಿದ್ದರೆ ಯಾವುದೋ ದೊಡ್ಡ ಊರಿನ ಕಂಪನಿ ಟ್ಯಾಂಕರ್ ತಂದು ನಿಲ್ಲಿಸುತ್ತಿತ್ತು.

(ನೀರು ಕುಡಿದು ಕಲ್ಲು ಕರಗಿತು ಅನ್ನುವ ವಾಟ್ಸಾಪ್ ಸಂದೇಶವಾಗಿ ಈ ಬರಹವನ್ನು ದಯವಿಟ್ಟು ಹಂಚಬೇಡಿ. ಕಿಡ್ನಿ ಕಲ್ಲು ಇದ್ದವರಿಗೆ ಯಾವ ವೈದ್ಯರೂ ಹೇಳುವ ಮೊದಲ ಮಾತೇ ನೀರು ಚೆನ್ನಾಗಿ ಕುಡಿಯಿರಿ ಅಂತ. ಉಳಿದದ್ದನ್ನು ನಿಮ್ಮ ವೈದ್ಯರನ್ನೇ ಕೇಳಿ.)

ಈ ಊರಿನ ಚರಿತ್ರೆ ಹೇಳುವ ಕ್ರಮ ಒಂದಿದೆ. ಮೊದಲು ಉಪ್ಪು ಕಾಯಿಸುವ ಹಳ್ಳಿಯಾಗಿತ್ತು. 1772ರಲ್ಲಿ ಪೋಲೆಂಡನ್ನು ಹಂಚಿಕೊಂಡಾಗ ಈ ಭಾಗ ಆಸ್ಟ್ರಿಯಾ ಚಕ್ರವರ್ತಿಯ ಪಾಲಿಗೆ ಬಂತು, ಗಲೀಷಿಯಾ ಅಂತ ಪ್ರಾಂತ್ಯವಾಯಿತು. 1827ರಲ್ಲಿ ಮೊದಲ ಸ್ನಾನದ ಮನೆ ಎದ್ದಿತು. 1836ರಲ್ಲಿ ಲ್ವಿವ್‌ನ ಔಷಧ ತಯಾರಕ ಟೊರೊಸೆವಿಚ್ ನೀರನ್ನು ಪರೀಕ್ಷೆ ಮಾಡಿ ವರದಿ ಕೊಟ್ಟ. ಮುಂದೆ ಮರದ ಕೆತ್ತನೆಯ ಬಂಗಲೆಗಳು, ತೋಟಗಳು, ವಾದ್ಯಗೋಷ್ಠಿ, ರೈಲು. 1911ರಲ್ಲಿ ರೈಮುಂಡ್ ಯಾರೋಶ್ ಎಂಬುವನು ಊಟೆಗಳ ಒಡೆತನ ಹಿಡಿದು ಊರನ್ನು ಸಿಂಗರಿಸಿದ. ಮೊದಲ ಮಹಾಯುದ್ಧದ ನಂತರ ಪೋಲೆಂಡಿನ ಆಳ್ವಿಕೆಯಲ್ಲಿ ಇದು ಶ್ರೀಮಂತರ, ಮಂತ್ರಿಗಳ ಊರಾಯಿತು. 1931ರಲ್ಲಿ ತದೇವುಶ್ ಹೊಲುವ್ಕೊ ಎಂಬ ಪೋಲಿಷ್ ರಾಜಕಾರಣಿ ಇಲ್ಲಿಗೆ ವಿಶ್ರಾಂತಿಗೆ ಬಂದಿದ್ದಾಗ ಉಕ್ರೇನಿನ ತೀವ್ರಗಾಮಿಗಳ ಗುಂಡಿಗೆ ಬಲಿಯಾದ. ಆಮೇಲೆ ಸೋವಿಯೆತ್ ಕಾಲ. ಬಹುಮಹಡಿ ಆರೋಗ್ಯಧಾಮಗಳು ಎದ್ದವು, ಕಾರ್ಖಾನೆಯ ಕಾರ್ಮಿಕರೂ ಸಂಘದ ಚೀಟಿ ಹಿಡಿದು ಬಂದು ನೀರು ಕುಡಿಯುವಂತಾಯಿತು.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಧ ಇಲ್ಲ. ಆ ಅರ್ಧ ಇರುವುದು ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೆ, ಬೊರಿಸ್ಲಾವ್ ಎಂಬ ಊರಿನಲ್ಲಿ.

ಬೊರಿಸ್ಲಾವ್‌ನಲ್ಲೂ ಅದೇ ಬೆಟ್ಟದ ಬುಡ, ಅದೇ ಜಿಡ್ಡು. ಹಳೇ ಕಾಲದಲ್ಲಿ ರೈತರು ಗುಂಡಿಯಲ್ಲಿ ತೇಲುವ ಎಣ್ಣೆಯನ್ನು ಕುದುರೆ ಬಾಲದ ಕೂದಲಿನ ಕುಂಚದಿಂದ ಒತ್ತಿ ತೆಗೆದು ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದರು, ಚರ್ಮಕ್ಕೆ ತಿಕ್ಕುತ್ತಿದ್ದರು, ದನದ ಗಾಯಕ್ಕೂ ಬಳಿಯುತ್ತಿದ್ದರು. ಲ್ವಿವ್‌ನ ಔಷಧ ಅಂಗಡಿಗೆ ಹೋದ ಎಣ್ಣೆ ಈ ಕಡೆಯದೇ. ದೀಪ ಹತ್ತಿದ್ದೇ ತಡ, ಬೊರಿಸ್ಲಾವ್‌ನ ನೆಲಕ್ಕೆ ಬೆಲೆ ಬಂತು. ಎಣ್ಣೆಯ ಜೊತೆ ಇನ್ನೊಂದು ವಸ್ತುವೂ ಸಿಕ್ಕಿತು, ಓಝೋಕೆರೈಟ್ ಎಂಬ ನೆಲಮೇಣ. ಮೇಣದಬತ್ತಿ ಮಾಡಲು ಅದಕ್ಕೆ ಬಹಳ ಬೇಡಿಕೆ.

ನಾವು ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಕೇಳುವುದನ್ನು ಕಲಿಸಿದ್ದರು. ಜಿಲ್ಲೆಯಲ್ಲಿ ಸುದ್ದಿಗೆ ಓಡಾಡುತ್ತಾ ನಾವೇ ಕಲಿತ ಏಳನೇ ಪ್ರಶ್ನೆ ಒಂದಿದೆ: ಜಮೀನು ಯಾರದ್ದು? ಬೊರಿಸ್ಲಾವ್‌ಗೆ ಆ ಪ್ರಶ್ನೆ ಕೇಳಿದರೆ ಬೆರಗಾಗುವ ಉತ್ತರ ಸಿಗುತ್ತದೆ. ರೈತರದ್ದೇ!

ಗಲೀಷಿಯಾದಲ್ಲಿ ಜೀತ ರದ್ದಾದದ್ದು 1848ರಲ್ಲಿ. ಅಲ್ಲಿಯವರೆಗೆ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ ರೈತನ ಹೆಸರಿಗೆ ಭೂಮಿ ಬಂತು. ಬೇರೆ ಖನಿಜಗಳ ಮೇಲೆ ಸರ್ಕಾರ ಹಕ್ಕು ಇಟ್ಟುಕೊಂಡರೂ, ಎಣ್ಣೆ ಮಾತ್ರ ನೆಲದ ಒಡೆಯನಿಗೇ ಸೇರಿದ್ದು ಅಂತ 1862ರಲ್ಲಿ ತೀರ್ಮಾನವಾಯಿತು. 1884ರ ಕಾಯ್ದೆಯೂ ಅದನ್ನೇ ಗಟ್ಟಿ ಮಾಡಿತು. ಅಂದರೆ ನಿನ್ನೆ ಮೊನ್ನೆಯವರೆಗೆ ಜೀತದಲ್ಲಿದ್ದವನ ತುಂಡು ಹೊಲದ ಕೆಳಗೆ ಇದ್ದ ಸಂಪತ್ತು ಕಾನೂನಿನ ಪ್ರಕಾರ ಅವನದ್ದೇ. ಇದಕ್ಕಿಂತ ನ್ಯಾಯದ ಏರ್ಪಾಡು ಬೇಕೆ ಅನಿಸುತ್ತದೆ.

ಆದದ್ದೇ ಬೇರೆ. ಹೊಲಗಳು ಪಟ್ಟಿ ಪಟ್ಟಿಯಾಗಿದ್ದವು, ಅಣ್ಣತಮ್ಮಂದಿರ ನಡುವೆ ಇನ್ನೂ ಚೂರಾಗಿದ್ದವು. ಬಾವಿ ತೋಡಲು ರೈತನ ಬಳಿ ದುಡ್ಡಿಲ್ಲ, ಕರಾರು ಓದಲು ಅಕ್ಷರ ಬಾರದು. ಕೈಗೆ ಬಂದಷ್ಟು ರೊಕ್ಕಕ್ಕೆ ಮಾರಿದರು. ಇಲ್ಲವೇ ಇಳುವರಿಯಲ್ಲಿ ಇಷ್ಟು ಪಾಲು ಅಂತ ಬರೆಸಿಕೊಂಡು ಭೋಗ್ಯಕ್ಕೆ ಕೊಟ್ಟು, ಆ ಪಾಲಿನ ಕಾಗದವನ್ನೂ ಕಷ್ಟಕಾಲದಲ್ಲಿ ಮಾರಿಕೊಂಡರು. ಹೊಲ ಹೋದ ಮೇಲೆ ಅದೇ ಹೊಲದಲ್ಲಿ ಕೂಲಿಗೆ ನಿಂತರು. ಕೂಲಿಗೆ ಬಂದವರಲ್ಲಿ ಸುತ್ತಲ ಹಳ್ಳಿಯ ಉಕ್ರೇನಿಯನ್ನರು, ಪೋಲರು, ಬಡ ಯಹೂದಿಗಳು ಎಲ್ಲರೂ ಇದ್ದರು.

ಪಕ್ಕದವನು ತೋಡಿದರೆ ನಮ್ಮ ಎಣ್ಣೆ ಅವನ ಬಾವಿಗೆ ಹೋಗುತ್ತದೆ ಎಂಬ ಭಯದಲ್ಲಿ ಎಲ್ಲರೂ ಒಟ್ಟಿಗೆ ತೋಡಿದರು. ಸಾವಿರಾರು ಬಾವಿಗಳು. ನಮ್ಮ ತೆರೆದ ಬಾವಿಯಂಥ ಅಗಲದ ಬಾವಿಗಳಲ್ಲ, ಒಬ್ಬ ಮನುಷ್ಯ ಇಳಿದು ಕೈಯಾಡಿಸುವಷ್ಟೇ ಇಕ್ಕಟ್ಟು. ಸುತ್ತ ಹಲಗೆ. ಮೇಲೆ ರಾಟೆ ತಿರುಗಿಸುವವರು, ಹಗ್ಗಕ್ಕೆ ಕಟ್ಟಿಕೊಂಡು ಇಳಿಯುವವನೊಬ್ಬ, ಅವನಿಗೆ ಉಸಿರಾಡಲು ಕೊಳವೆಯಲ್ಲಿ ಗಾಳಿ ಊದುವವನು ಇನ್ನೊಬ್ಬ. ಗಾಳಿ ಊದುವ ಕೈ ನಿಂತರೆ, ನೆಲದೊಳಗಿನ ಅನಿಲ ಜೋರಾದರೆ, ಹಲಗೆ ಕುಸಿದರೆ ಕೆಳಗಿದ್ದವನ ಕಥೆ ಮುಗಿಯಿತು. ಹಾಗೆ ಸತ್ತವರು ಎಷ್ಟೋ ಜನ.

ಇದೆಲ್ಲ ನಮಗೆ ತಿಳಿಯುವುದಕ್ಕೆ ಮುಖ್ಯ ಕಾರಣ ಒಬ್ಬ ಕಮ್ಮಾರನ ಮಗ. ಇವಾನ್ ಫ್ರಾಂಕೊ, 1856ರಲ್ಲಿ ಅಲ್ಲೇ ಹತ್ತಿರದ ನಾಹುಯೆವಿಚಿ ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪನ ಕುಲುಮೆಗೆ ಬಂದು ಕೂತ ಜನ ಬೊರಿಸ್ಲಾವ್‌ನ ಸುದ್ದಿ ಮಾತಾಡುತ್ತಿದ್ದುದನ್ನು ಕೇಳುತ್ತಾ ಬೆಳೆದ. ಮುಂದೆ ಉಕ್ರೇನಿನ ಬಹು ದೊಡ್ಡ ಸಾಹಿತಿಗಳಲ್ಲಿ ಒಬ್ಬನಾದ. ‘ಬೊರಿಸ್ಲಾವ್ ನಗುತ್ತಿದೆ’ ಎಂಬ ಅವನ ಕಾದಂಬರಿ 1881-82ರಲ್ಲಿ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು, ಪೂರ್ತಿಯಾಗಲಿಲ್ಲ. ಎಣ್ಣೆ ಬಾವಿಯ ಕೂಲಿಗಳು ಸಂಘ ಕಟ್ಟಿ ಮುಷ್ಕರ ಹೂಡುವ ಕಥೆ. ನಿಜವಾದ ದೊಡ್ಡ ಮುಷ್ಕರ ಬೊರಿಸ್ಲಾವ್‌ನಲ್ಲಿ ನಡೆದದ್ದು 1904ರಲ್ಲಿ. ಕಾದಂಬರಿ ಮೊದಲು ಬಂತು, ಮುಷ್ಕರ ಆಮೇಲೆ. ಬರೆಯುವ ಕೆಲಸದವರಾದ ನಮಗೆ ಇದನ್ನು ಓದಿದಾಗ ಸ್ವಲ್ಪ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

1880ರ ದಶಕದಲ್ಲಿ ಮ್ಯಾಕ್‌ಗಾರ್ವಿ ಎಂಬ ಕೆನಡಾದವನು ಕೊರೆಯುವ ಯಂತ್ರ ತಂದ. ಕೈಬಾವಿಯ ಕಾಲ ಹಿಂದಾಯಿತು, ಯಂತ್ರ ಸಾವಿರ ಮೀಟರ್ ಆಳಕ್ಕೆ ಹೋಯಿತು. ತುಂಡು ಹೊಲದವರ ಆಟ ಮುಗಿದು ಬ್ಯಾಂಕು, ಕಂಪನಿಗಳ ಆಟ ಶುರುವಾಯಿತು. 1908ರಲ್ಲಿ ಬೊರಿಸ್ಲಾವ್‌ಗೆ ಅಂಟಿಕೊಂಡ ತುಸ್ತಾನೊವಿಚಿಯಲ್ಲಿ ‘ಆಯಿಲ್ ಸಿಟಿ’ ಎಂಬ ಬಾವಿ ಚಿಮ್ಮಿದ್ದು ನಿಲ್ಲಲೇ ಇಲ್ಲ. ಸಿಡಿಲು ಬಡಿದು ಬೆಂಕಿ ಹತ್ತಿ ತಿಂಗಳುಗಟ್ಟಲೆ ಉರಿಯಿತು. ಮರುವರ್ಷ, 1909ರಲ್ಲಿ, ಗಲೀಷಿಯಾ ತೆಗೆದ ಎಣ್ಣೆ ಸುಮಾರು 20 ಲಕ್ಷ ಟನ್. ಅಮೆರಿಕ, ರಷ್ಯಾ ಬಿಟ್ಟರೆ ಜಗತ್ತಿನಲ್ಲಿ ಇದೇ ಮುಂದೆ. ಎಣ್ಣೆ ಇಡಲು ಜಾಗವಿಲ್ಲದೆ ನೆಲದಲ್ಲಿ ಗುಂಡಿ ತೋಡಿ ತುಂಬಿದರು, ಹೊಳೆಗೂ ಹರಿಯಿತು. ಟೊಮೆಟೊ ಬೆಳೆದವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ, ಬೆಲೆ ಪಾತಾಳಕ್ಕೆ ಬಿತ್ತು. ಕೊನೆಗೆ ಸರ್ಕಾರವೇ ಪಕ್ಕದ ದ್ರೊಹೊಬಿಚ್‌ನಲ್ಲಿ ಶುದ್ಧೀಕರಣ ಕಾರ್ಖಾನೆ ಕಟ್ಟಿ ರೈಲು ಎಂಜಿನ್ನುಗಳಿಗೆ ಆ ಎಣ್ಣೆ ಉರಿಸಬೇಕಾಯಿತು. ಅಷ್ಟೇ, ಅಲ್ಲಿಂದ ಇಳಿತ. ಮತ್ತೆಂದೂ ಆ ಮಟ್ಟಕ್ಕೆ ಏರಲಿಲ್ಲ.

ಬೊರಿಸ್ಲಾವ್‌ನಲ್ಲಿ ಇವತ್ತೂ ಮನೆಗಳ ನಡುವೆ, ಹಿತ್ತಲಲ್ಲಿ ತಲೆ ಆಡಿಸುವ ಎಣ್ಣೆ ಪಂಪುಗಳಿವೆ. ಸ್ವಲ್ಪ ಸ್ವಲ್ಪ ಎಣ್ಣೆ ಬರುತ್ತದೆ. ಹಳೆಯ ಬಾವಿಗಳಲ್ಲಿ ಎಷ್ಟೋ ಎಲ್ಲಿವೆ ಅಂತಲೇ ಗೊತ್ತಾಗದಂತೆ ಮುಚ್ಚಿಹೋಗಿವೆ. ಅವುಗಳಿಂದ ಸುಡುವ ಅನಿಲ ಮೇಲೆದ್ದು ಮನೆಗಳ ನೆಲಮಾಳಿಗೆ ಸೇರುತ್ತದೆ, ಅದನ್ನು ಅಳೆಯುತ್ತಾ, ಕೊಳವೆ ಹಾಕಿ ಹೊರಗೆ ಬಿಡುತ್ತಾ ಬದುಕಬೇಕಾಗಿದೆ. ಇತ್ತ ಟ್ರುಸ್ಕಾವೆಟ್ಸ್‌ನ ಊಟೆಗಳ ಸುತ್ತ ರಕ್ಷಣಾ ವಲಯ ಇದೆ. ಉಕ್ರೇನಿನ ಕಾನೂನು ಇಂಥ ಊರುಗಳಿಗೆ ಮೂರು ಸುತ್ತಿನ ವಲಯ ಗೊತ್ತುಮಾಡಿದೆ, ಊಟೆಗೆ ಹತ್ತಿರವಾದಷ್ಟೂ ಬಿಗಿ.

ನಮ್ಮ ತಕರಾರು ಇಲ್ಲಿದೆ. ಒಂದು ಊರು ನೀರನ್ನು ಕಾಪಾಡಿಕೊಂಡು ಬಾಳಿತು, ಇನ್ನೊಂದು ದುರಾಸೆಗೆ ಬಿದ್ದು ಕೆಟ್ಟಿತು ಅಂತ ಈ ಕಥೆಯನ್ನು ಹೇಳಿ ಮುಗಿಸುವುದು ಸುಲಭ. ನಾವೂ ಮೊದಲ ಕರಡು ಹಾಗೇ ಬರೆದಿದ್ದೆವು. ಅದು ಸರಿಯಲ್ಲ. ಟ್ರುಸ್ಕಾವೆಟ್ಸ್‌ನ ಜನ ಬೊರಿಸ್ಲಾವ್‌ನವರಿಗಿಂತ ಒಳ್ಳೆಯವರೇನೂ ಅಲ್ಲ. ಅಲ್ಲಿ ಊಟೆಗಳು ಮೊದಲು ಸರ್ಕಾರದ ಖಜಾನೆಯ ಕೈಯಲ್ಲಿದ್ದವು, ಆಮೇಲೆ ಒಡೆಯರ, ಕಂಪನಿಯ ಕೈಗೆ ಬಂದವು. ಒಂದೇ ಕೈ ಆದ್ದರಿಂದ ಪಕ್ಕದವನಿಗಿಂತ ಮೊದಲು ತೋಡಬೇಕೆಂಬ ಆತುರ ಇರಲಿಲ್ಲ. ಬೊರಿಸ್ಲಾವ್‌ನಲ್ಲಿ ಹಕ್ಕು ಕೊಟ್ಟರು. ಆದರೆ ಹಕ್ಕು ಉಳಿಸಿಕೊಳ್ಳಲು ಬೇಕಾದ ಸಾಲ, ಅಕ್ಷರ, ಒಟ್ಟಾಗಿ ತೋಡುವ ಏರ್ಪಾಡು ಯಾವುದನ್ನೂ ಕೊಡಲಿಲ್ಲ. ಒಂದೊಂದು ಪಟ್ಟಿಗೆ ಒಬ್ಬೊಬ್ಬ ಒಡೆಯನನ್ನು ಮಾಡಿ, ಒಬ್ಬರ ಮೇಲೊಬ್ಬರನ್ನು ಓಡಲು ಬಿಟ್ಟರು. ರೈತ ಕೆಟ್ಟದ್ದು ಆಸೆಯಿಂದಲ್ಲ, ಒಂಟಿಯಾಗಿ ನಿಂತಿದ್ದರಿಂದ.

ಹಾಗಂತ ಒಬ್ಬನ ಕೈಯಲ್ಲಿ ಇರುವುದೇ ಸರಿ ಅಂತಲೂ ನಾವು ಹೇಳುವುದಿಲ್ಲ. ಟ್ರುಸ್ಕಾವೆಟ್ಸ್ ಪಕ್ಕದಲ್ಲೇ ಸ್ತೆಬ್ನಿಕ್ ಇದೆ. ಅಲ್ಲಿ ಪೊಟ್ಯಾಷ್ ಗಣಿ, ಗೊಬ್ಬರಕ್ಕೆ ಬೇಕಾದದ್ದು. ಸೋವಿಯೆತ್ ಕಾಲದಲ್ಲಿ ಪೂರ್ತಿ ಸರ್ಕಾರದ್ದೇ ಒಡೆತನ. 1983ರ ಸೆಪ್ಟೆಂಬರಿನಲ್ಲಿ ಗಣಿಯ ಉಪ್ಪುನೀರು ಕಟ್ಟಿಟ್ಟಿದ್ದ ಒಡ್ಡು ಒಡೆದು ದ್ನೀಸ್ತರ್ ನದಿಗೆ ನುಗ್ಗಿತು. ನದಿಯುದ್ದಕ್ಕೂ ಮೀನು ಸತ್ತು ತೇಲಿದವು, ಕೆಳಗಿನ ಊರುಗಳಿಗೆ ಕುಡಿಯುವ ನೀರು ನಿಂತಿತು. 2017ರಲ್ಲಿ ಅದೇ ಗಣಿಯ ಮೇಲಿನ ನೆಲ ದೊಡ್ಡದಾಗಿ ಕುಸಿಯಿತು.

ಬೆಟ್ಟದ ಒಳಗೆ ಇನ್ನೂ ಸ್ವಲ್ಪ ದೂರ ಹೋದರೆ ಸ್ಖಿದ್ನಿತ್ಸಿಯಾ ಎಂಬ ಊರು. ಇದೂ 1890ರ ದಶಕದಲ್ಲಿ ಎಣ್ಣೆಗೆ ಹೆಸರಾದ ಊರೇ. ಎಣ್ಣೆ ಕಮ್ಮಿಯಾದ ಮೇಲೆ, 1970ರ ದಶಕದಿಂದ ಓಮೆಲ್ಯಾನ್ ಸ್ತೋತ್ಸ್ಕಿ ಎಂಬುವನು ಸುತ್ತಲ ಊಟೆಗಳನ್ನು ಹುಡುಕಿ, ಪರೀಕ್ಷೆ ಮಾಡಿಸಿ, ಅಲ್ಲೂ ನಾಫ್ಟುಸ್ಯಾದಂಥ ನೀರಿದೆ ಎಂದು ತೋರಿಸಿದ. ಈಗ ಅದೂ ಆರೋಗ್ಯಧಾಮದ ಊರು. ಎಣ್ಣೆ ಪಂಪಿನ ಪಕ್ಕದಲ್ಲೇ ಜನ ಬಟ್ಟಲು ಹಿಡಿದು ನಡೆಯುತ್ತಾರೆ. ನೀರಿನ ಊರು, ಎಣ್ಣೆಯ ಊರು ಎಂದು ಬೇರೆ ಬೇರೆ ಇಟ್ಟು ಹೇಳುವವರಿಗೆ ಈ ಒಂದು ಊರೇ ಸಾಕು ಉತ್ತರಕ್ಕೆ.

ಇನ್ನೊಂದು ನಂಟು ನಮಗೆ ಓದಿದಾಗಿನಿಂದ ಮನಸ್ಸಿನಿಂದ ಹೋಗಿಲ್ಲ. ಟ್ರುಸ್ಕಾವೆಟ್ಸ್‌ನ ಆರೋಗ್ಯಧಾಮಗಳಲ್ಲಿ ಕೀಲುನೋವಿನವರಿಗೆ ಬಿಸಿ ಮೇಣದ ಪಟ್ಟು ಹಾಕುತ್ತಾರೆ. ಆ ಮೇಣ ಓಝೋಕೆರೈಟ್. ಬೊರಿಸ್ಲಾವ್‌ನ ಇಕ್ಕಟ್ಟು ಬಾವಿಗಳಲ್ಲಿ ಹಗ್ಗಕ್ಕೆ ಕಟ್ಟಿಕೊಂಡು ಇಳಿದ ಕೂಲಿಗಳು ಅಗೆದು ತೆಗೆಯುತ್ತಿದ್ದ ಅದೇ ನೆಲಮೇಣ. ಅವರ ಮಂಡಿಗೆ, ಸೊಂಟಕ್ಕೆ ಯಾರೂ ಪಟ್ಟು ಹಾಕಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಎರಡೂ ಊರಿಗೆ ಒಂದೇ ಗತಿ ಬಂತು. 1941ರಲ್ಲಿ ಜರ್ಮನ್ ಸೇನೆ ಬಂತು. 1942ರಲ್ಲಿ ಈ ಪ್ರದೇಶದ ಯಹೂದಿಗಳನ್ನು ರೈಲಿಗೆ ತುಂಬಿ ಬೆಲ್ಜೆಕ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಬೊರಿಸ್ಲಾವ್‌ನ ಎಣ್ಣೆ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ಬೆರ್ಟೋಲ್ಡ್ ಬೈಟ್ಸ್ ಎಂಬ ಜರ್ಮನ್ ಯುವಕ ಇವರಿಲ್ಲದೆ ಎಣ್ಣೆ ಬರುವುದಿಲ್ಲ ಅಂತ ಹೇಳಿ ನೂರಾರು ಯಹೂದಿಗಳನ್ನು ಉಳಿಸಿದ. ಎಣ್ಣೆ ಕೆಲಸ ಗೊತ್ತಿಲ್ಲದವರನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದ. ಉಳಿದ ಸಾವಿರಾರು ಜನ ಹೋದರು. ಬಂಗಲೆ ಬಾಡಿಗೆಗೆ ಕೊಡುತ್ತಿದ್ದವರು, ಬಾವಿಯಲ್ಲಿ ದುಡಿದವರ ಮಕ್ಕಳು, ಅಂಗಡಿಯವರು.

ಈಗ ಮತ್ತೆ ಯುದ್ಧ. 2022ರಿಂದ ಟ್ರುಸ್ಕಾವೆಟ್ಸ್‌ನ ಆರೋಗ್ಯಧಾಮಗಳಲ್ಲಿ ಮನೆ ಕಳೆದುಕೊಂಡು ಪೂರ್ವದಿಂದ ಬಂದ ಕುಟುಂಬಗಳಿವೆ, ಚೇತರಿಸಿಕೊಳ್ಳುತ್ತಿರುವ ಗಾಯಾಳು ಸೈನಿಕರಿದ್ದಾರೆ. ಮಂತ್ರಿಗಳಿಗೆಂದು ಸಿಂಗಾರಗೊಂಡಿದ್ದ ಊರು ಊರುಬಿಟ್ಟವರ ಊರಾಗಿದೆ.

ಯುದ್ಧ ಮುಗಿದ ಮೇಲೆ ಅಲ್ಲಿನ ಚರಿತ್ರೆಯನ್ನು ಮತ್ತೆ ಬರೆಯುತ್ತಾರೆ, ಹೊಸ ಬೋರ್ಡು ಹಾಕುತ್ತಾರೆ. ಆಗ ನಾಫ್ಟುಸ್ಯಾ ಕುಡಿಯುವ ಕಟ್ಟಡದಲ್ಲಿ, ನೀರಿನಲ್ಲಿ ಏನೇನಿದೆ ಎಂಬ ಪಟ್ಟಿಯ ಪಕ್ಕದಲ್ಲೇ, ಬೊರಿಸ್ಲಾವ್‌ನ ಬಾವಿಗಳ ಒಂದು ನಕ್ಷೆ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ನಮ್ಮ ಮಾತು ಅಲ್ಲಿಗೆ ಮುಟ್ಟುವುದಿಲ್ಲ, ಗೊತ್ತು. ಆದರೆ ನಮ್ಮ ಕಡೆಯ ಹುಡುಗ ಹುಡುಗಿಯರು ಮತ್ತೆ ಓದಲು ಅಲ್ಲಿಗೆ ಹೋಗುವ ದಿನ ಬಂದರೆ, ರಜೆಯಲ್ಲಿ ಟ್ರುಸ್ಕಾವೆಟ್ಸ್ ನೋಡಲು ಹೋದವರು ಒಂದು ಬಸ್ಸು ಹತ್ತಿ ಬೊರಿಸ್ಲಾವ್‌ಗೂ ಹೋಗಿಬನ್ನಿ. ಹಿತ್ತಲ ಪಂಪುಗಳ ಫೋಟೊ ತೆಗೆದು ಕಳಿಸಿ, ನಿಮ್ಮ ಹೆಸರು ಹಾಕಿಯೇ ಪ್ರಕಟಿಸುತ್ತೇವೆ.